ಕಾರ್ಖಾನೆ ಮುಚ್ಚಿದರೂ ಸದ್ದಡಗದ ಜಾವಾ

ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಬೆಂಗಳೂರು, ಮೈಸೂರು, ಪುಣೆಯಂಥ ಊರುಗಳಲ್ಲಿ ಒಂದು ವಿಶಿಷ್ಟ ಜಾತ್ರೆ ಸೇರುತ್ತದೆ. ಇಲ್ಲಿ ತೇರಿಲ್ಲ, ಉತ್ಸವಮೂರ್ತಿಯಿಲ್ಲ. ಬೆಳಿಗ್ಗೆ ಬಿಸಿಲೇರುವ ಮುನ್ನವೇ ಹಳೆಯ ಮೋಟಾರ್ ಸೈಕಲ್ಲುಗಳು ಒಂದೊಂದಾಗಿ ಹೊಗೆಯುಗುಳುತ್ತ ಬಂದು ಸಾಲಾಗಿ ನಿಲ್ಲುತ್ತವೆ. ತಲೆ ನರೆತ ನಿವೃತ್ತ ನೌಕರರ ಪಕ್ಕದಲ್ಲಿ ಕಾಲೇಜು ಹುಡುಗ ತನ್ನ ಗಾಡಿ ನಿಲ್ಲಿಸುತ್ತಾನೆ. ಅವನ ಗಾಡಿಗೆ ಅವನಿಗಿಂತ ಹೆಚ್ಚು ವಯಸ್ಸು! ಒಬ್ಬರು ಇನ್ನೊಬ್ಬರ ಎಂಜಿನ್ನಿಗೆ ಕಿವಿಗೊಡುತ್ತಾರೆ, ತಲೆದೂಗುತ್ತಾರೆ, 'ಪಾಯಿಂಟ್ ಸ್ವಲ್ಪ ನೋಡಿಸಿ' ಎಂದು ಸಲಹೆ ಕೊಡುತ್ತಾರೆ. ಇದು ಅಂತರರಾಷ್ಟ್ರೀಯ ಜಾವಾ-ಯೆಜ್ಡಿ ದಿನ.

ಈ ಗಾಡಿಗಳನ್ನು ತಯಾರಿಸುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ತಯಾರಿಸಿದ ಕಂಪನಿ ಇಲ್ಲ, ಅದರ ಡೀಲರುಗಳಿಲ್ಲ, ಸರ್ವಿಸ್ ಸ್ಟೇಷನ್ನುಗಳೂ ಇಲ್ಲ. ಪೆಟ್ರೋಲ್ ಉಳಿತಾಯದಲ್ಲಾಗಲಿ, ಬ್ರೇಕಿನ ಬಿಗಿಯಲ್ಲಾಗಲಿ ಇಂದಿನ ಸಾಧಾರಣ ಬೈಕಿನ ಮುಂದೆಯೂ ಇವು ನಿಲ್ಲಲಾರವು. ಹೀಗಿದ್ದೂ ಇವುಗಳ ಮೇಲೆ ಇಷ್ಟೊಂದು ಮೋಹವೇಕೆ? 'ಹಳೆಯದೆಲ್ಲ ಹೊನ್ನು' ಎಂಬ ಭಾವನೆಯಷ್ಟೇ ಇದಕ್ಕೆ ಕಾರಣವೇ ಅಥವಾ ಬೇರೇನಾದರೂ ಇದೆಯೇ? ಉತ್ತರ ಹುಡುಕಬೇಕಾದರೆ ಮೈಸೂರಿನ ಯಾದವಗಿರಿಯಿಂದ ಹೊರಟು ಪ್ರಾಗ್ ನಗರದವರೆಗೆ ಹೋಗಿ ಬರಬೇಕಾಗುತ್ತದೆ.

ಹಳೆಯ ಮೋಟಾರ್ ಸೈಕಲ್ಲಿನ ಹವ್ಯಾಸ ಜಗತ್ತಿಗೆ ಹೊಸದಲ್ಲ. 1915ಕ್ಕಿಂತ ಹಿಂದೆ ತಯಾರಾದ ಗಾಡಿಗಳನ್ನು ಲಂಡನ್ ಕಡೆಯಿಂದ ಬ್ರೈಟನ್ ಕಡಲತೀರಕ್ಕೆ ಓಡಿಸುವ 'ಪಯೋನಿಯರ್ ರನ್' ಇಂಗ್ಲೆಂಡಿನಲ್ಲಿ ಶುರುವಾದದ್ದು 1930ರಲ್ಲಿ. ಎರಡನೇ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಅಲ್ಲಿ ವಿಂಟೇಜ್ ಮೋಟಾರ್ ಸೈಕಲ್ ಕ್ಲಬ್ ಸ್ಥಾಪನೆಯಾಯಿತು. ಯುದ್ಧಕಾಲದಲ್ಲಿ ಎಷ್ಟೋ ಹಳೆಯ ಗಾಡಿಗಳು ಗುಜರಿಗೆ ಹೋಗಿದ್ದವು. ಉಳಿದವನ್ನಾದರೂ ಉಳಿಸಿಕೊಳ್ಳಬೇಕೆಂಬ ಹಂಬಲ ಆ ಕ್ಲಬ್ಬಿನ ಹಿಂದಿತ್ತು. ಆದರೆ ಯುರೋಪಿನ ಗಾಡಿಯೊಂದು ಯುರೋಪಿನಾಚೆ ಬೇರುಬಿಟ್ಟು, ಅಲ್ಲಿನವರದೇ ಆಗಿಬಿಟ್ಟ ಕಥೆಗಳು ಹೆಚ್ಚಿಲ್ಲ. ಜಾವಾ ಅಂಥ ಒಂದು ಕಥೆ.

ಬಂದೂಕಿನಿಂದ ಬೈಕಿಗೆ

ಜಾವಾ ಎಂದೊಡನೆ ಇಂಡೋನೇಷ್ಯಾದ ದ್ವೀಪ ನೆನಪಾಗುವುದು ಸಹಜ. ಆದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ಹೆಸರು ಹುಟ್ಟಿದ್ದು ಎರಡು ಹೆಸರುಗಳ ಮೊದಲಕ್ಷರಗಳ ಜೋಡಣೆಯಿಂದ.

1878ರಲ್ಲಿ ಹುಟ್ಟಿದ ಫ್ರಾಂಟಿಷೆಕ್ ಯಾನೆಚೆಕ್ ಜೆಕ್ ದೇಶದ ಎಂಜಿನಿಯರು. ಅನೇಕ ಪೇಟೆಂಟುಗಳನ್ನು ಪಡೆದ ಸಂಶೋಧಕ. ಮೊದಲ ಮಹಾಯುದ್ಧದ ನಂತರ ಪ್ರಾಗ್‌ನಲ್ಲಿ ಆತ ಶಸ್ತ್ರಾಸ್ತ್ರ ಕಾರ್ಖಾನೆ ನಡೆಸುತ್ತಿದ್ದ. 1920ರ ದಶಕದ ಕೊನೆಯ ಹೊತ್ತಿಗೆ ಬಂದೂಕು, ಮದ್ದುಗುಂಡುಗಳಿಗೆ ಬೇಡಿಕೆ ಕುಸಿಯಿತು. ಯಂತ್ರಗಳಿದ್ದವು, ನುರಿತ ಕೆಲಸಗಾರರಿದ್ದರು. ಮಾಡಲು ಕೆಲಸವಿರಲಿಲ್ಲ. ಅದೇ ಸಮಯಕ್ಕೆ ಜರ್ಮನಿಯ ವಾಂಡರರ್ ಎಂಬ ಕಂಪನಿ ಮೋಟಾರ್ ಸೈಕಲ್ ತಯಾರಿಕೆಯಿಂದ ಹಿಂದೆ ಸರಿಯುತ್ತಿತ್ತು. ಅದರ 500 ಸಿ.ಸಿ. ಗಾಡಿಯ ಹಕ್ಕನ್ನು ಯಾನೆಚೆಕ್ ಕೊಂಡ. ಯಾನೆಚೆಕ್‌ನ 'ಜೆ-ಎ', ವಾಂಡರರ್‌ನ 'ಡಬ್ಲ್ಯು-ಎ' ಸೇರಿ ರೋಮನ್ ಲಿಪಿಯಲ್ಲಿ ನಾಲ್ಕಕ್ಷರದ ಹೆಸರಾಯಿತು. ಜೆಕ್ ಜನ ಅದನ್ನು 'ಯಾವಾ' ಎಂದು ಉಚ್ಚರಿಸುತ್ತಾರೆ. ನಮ್ಮಲ್ಲಿ ಅದು ಜಾವಾ.

1929ರಲ್ಲಿ ಹೊರಬಂದ ಆ ಮೊದಲ ಗಾಡಿ ದುಬಾರಿಯಾಗಿತ್ತು, ಎಂಜಿನ್ನಿನಲ್ಲಿ ದೋಷಗಳೂ ಇದ್ದವು. ಸಾಲದ್ದಕ್ಕೆ ಜಗತ್ತಿನಾದ್ಯಂತ ಆರ್ಥಿಕ ಕುಸಿತ. ಯಾನೆಚೆಕ್ ಆಗ ಇಂಗ್ಲೆಂಡಿನಿಂದ ಜಾರ್ಜ್ ವಿಲಿಯಂ ಪ್ಯಾಚೆಟ್ ಎಂಬ ವಿನ್ಯಾಸಕಾರನನ್ನು ಕರೆಸಿಕೊಂಡ. 1932ರಲ್ಲಿ ವಿಲಿಯರ್ಸ್ ಎಂಬ ಬ್ರಿಟಿಷ್ ಕಂಪನಿಯ 175 ಸಿ.ಸಿ. ಎಂಜಿನ್ ಕೂರಿಸಿದ ಹಗುರವಾದ, ಅಗ್ಗದ ಗಾಡಿ ಬಂತು. ಸಾಮಾನ್ಯ ಜನ ಅದನ್ನು ಕೊಂಡರು, ಕಂಪನಿ ಬದುಕಿತು. ಶ್ರೀಮಂತರ ಆಟದ ಸಾಮಾನಾಗುವ ಬದಲು ನಿತ್ಯದ ಓಡಾಟಕ್ಕೆ ಒದಗುವ ಗಾಡಿಯಾಗಬೇಕು ಎಂಬ ಪಾಠವನ್ನು ಜಾವಾ ಕಲಿತದ್ದು ಹೀಗೆ. ಮುಂದೆ ಅದು ಭಾರತದಲ್ಲಿ ನೆಲೆ ಕಂಡದ್ದೂ ಈ ಗುಣದಿಂದಲೇ.

ಕತ್ತಲಲ್ಲಿ ಹುಟ್ಟಿದ ಪೆರಾಕ್

1939ರಲ್ಲಿ ಹಿಟ್ಲರನ ಸೇನೆ ಪ್ರಾಗ್ ನಗರವನ್ನು ಆಕ್ರಮಿಸಿತು. ಕಾರ್ಖಾನೆ ಜರ್ಮನ್ನರ ಯುದ್ಧದ ಕೆಲಸಕ್ಕೆ ಬಳಕೆಯಾಯಿತು. ನಾಗರಿಕರಿಗೆ ಮೋಟಾರ್ ಸೈಕಲ್ ಮಾಡುವಂತಿರಲಿಲ್ಲ. 1941ರಲ್ಲಿ ಯಾನೆಚೆಕ್ ತೀರಿಕೊಂಡ. ಆದರೆ ಕಾರ್ಖಾನೆಯ ವಿನ್ಯಾಸಕಾರರು ಸುಮ್ಮನೆ ಕೂರಲಿಲ್ಲ. ಆಕ್ರಮಣಕಾರರ ಕಣ್ಣು ತಪ್ಪಿಸಿ, ಯುದ್ಧ ಮುಗಿದ ಮೇಲೆ ಬರಬೇಕಾದ ಹೊಸ ಗಾಡಿಯ ನಕ್ಷೆ ಬರೆದರು, ಮಾದರಿಗಳನ್ನು ತಯಾರಿಸಿದರು.

1946ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಆ 250 ಸಿ.ಸಿ. ಗಾಡಿ ಕಾಣಿಸಿಕೊಂಡಾಗ ನೋಡಿದವರು ಬೆರಗಾದರು. ಯುದ್ಧದಿಂದ ಜರ್ಜರಿತವಾದ ದೇಶದಿಂದ ಇಂಥ ನವನವೀನ ಯಂತ್ರವೇ! ನುಣುಪಾದ ಮೈಕಟ್ಟು. ಎಂಜಿನ್ ಮತ್ತು ಗೇರ್ ಪೆಟ್ಟಿಗೆ ಒಂದೇ ಕವಚದೊಳಗೆ. ಹಿಂದಿನ ಚಕ್ರಕ್ಕೂ ಸ್ಪ್ರಿಂಗ್. ಆ ಕಾಲದ ಬಹಳಷ್ಟು ಗಾಡಿಗಳಲ್ಲಿ ಹಿಂಬದಿ ಸ್ಪ್ರಿಂಗ್ ಇರುತ್ತಿರಲಿಲ್ಲ, ಸವಾರನ ಬೆನ್ನೇ ಎಲ್ಲ ಪೆಟ್ಟನ್ನೂ ತಿನ್ನಬೇಕಿತ್ತು. ಈ ಸ್ಪ್ರಿಂಗಿನಿಂದಲೇ ಜನ ಅದನ್ನು 'ಪೆರಾಕ್' ಎಂದು ಕರೆದರು. ಯುದ್ಧಕಾಲದ ಪ್ರಾಗ್‌ನಲ್ಲಿ ಇದೇ ಹೆಸರಿನ ದಂತಕಥೆಯೊಂದೂ ಹರಿದಾಡುತ್ತಿತ್ತು. ಕಾಲಿಗೆ ಸ್ಪ್ರಿಂಗ್ ಕಟ್ಟಿಕೊಂಡು ರಾತ್ರಿಹೊತ್ತು ಗೋಡೆ, ಮಾಡುಗಳನ್ನು ಹಾರಿ ನಾಜಿ ಕಾವಲುಗಾರರಿಗೆ ಚಳ್ಳೆಹಣ್ಣು ತಿನ್ನಿಸುವ ನಿಗೂಢ ಮನುಷ್ಯನ ಕಥೆ ಅದು. ಗುಟ್ಟಾಗಿ ಹುಟ್ಟಿದ ಗಾಡಿಗೆ ಇದಕ್ಕಿಂತ ತಕ್ಕ ಹೆಸರು ಬೇರೆ ಬೇಕಿರಲಿಲ್ಲ.

ಯುದ್ಧದ ನಂತರ ಕಾರ್ಖಾನೆ ರಾಷ್ಟ್ರೀಕರಣಗೊಂಡಿತು. 1950ರ ದಶಕದಲ್ಲಿ ಪೆರಾಕ್‌ನ ಉತ್ತರಾಧಿಕಾರಿಯಾಗಿ ಇನ್ನೊಂದು ಮಾದರಿ ಬಂತು. ಇದರ ಹಿಂಚಕ್ರ ತೂಗಾಡುವ ತೋಳಿನ ಮೇಲೆ ಕೂತಿತ್ತು. 250 ಸಿ.ಸಿ. ಗಾಡಿಗೆ ಕಂಪನಿ ಕೊಟ್ಟ ಸಂಖ್ಯೆ 353. ಮೈಸೂರಿಗೆ ಬಂದದ್ದು ಇದೇ ಗಾಡಿ.

ರೇಸಿನ ಕಣದಲ್ಲೂ ಜಾವಾ ಹೆಸರು ಮಾಡಿತು. ಬೆಟ್ಟಗುಡ್ಡ, ಕೆಸರು ಹಾದಿಗಳಲ್ಲಿ ಆರು ದಿನ ನಡೆಯುವ ಅಂತರರಾಷ್ಟ್ರೀಯ ಸಿಕ್ಸ್ ಡೇಸ್ ಟ್ರಯಲ್ ಸ್ಪರ್ಧೆಯ ಮುಖ್ಯ ಟ್ರೋಫಿಯನ್ನು ಜೆಕೊಸ್ಲೊವಾಕಿಯಾ 1970ರಿಂದ 1974ರವರೆಗೆ ಸತತ ಐದು ವರ್ಷ ಗೆದ್ದಿತು. ವೇಗಕ್ಕಿಂತ ತಾಳಿಕೆಯನ್ನು ಅಳೆಯುವ ಸ್ಪರ್ಧೆ ಅದು ಎಂಬುದು ಗಮನಾರ್ಹ.

ಯಾದವಗಿರಿಯ ಅತಿಥಿ

ಸ್ವಾತಂತ್ರ್ಯದ ನಂತರದ ಭಾರತ ಸ್ವದೇಶಿ ಕೈಗಾರಿಕೆಯ ಕನಸು ಕಾಣುತ್ತಿತ್ತು. ವಿದೇಶಿ ವಿನಿಮಯದ ಕೊರತೆಯೂ ಇತ್ತು. 1950ರ ದಶಕದಲ್ಲಿ ಸಿದ್ಧ ವಾಹನಗಳ ಆಮದಿಗೆ ಸರ್ಕಾರ ಕಡಿವಾಣ ಹಾಕಿತು. ವಿದೇಶಿ ಗಾಡಿ ಬೇಕೇ? ಪರವಾನಗಿ ತಂದು ಇಲ್ಲೇ ತಯಾರಿಸಿ ಎಂಬುದು ಆಗಿನ ನೀತಿ. ಇಂಗ್ಲೆಂಡಿನ ಬುಲೆಟ್ 1955ರಲ್ಲಿ ಮದರಾಸಿಗೆ ಬಂತು. ಇಟಲಿಯ ಲ್ಯಾಂಬ್ರೆಟ್ಟಾ, ವೆಸ್ಪಾ ಸ್ಕೂಟರುಗಳು ಇಲ್ಲಿ ತಯಾರಾಗತೊಡಗಿದವು. ಪೋಲೆಂಡಿನ ಮಾದರಿಯೊಂದು ರಾಜದೂತ್ ಎಂಬ ಹೆಸರಿನಲ್ಲಿ ಬಂತು. ಹೀಗೆ 1960ರ ದಶಕದ ಭಾರತದ ರಸ್ತೆಯಲ್ಲಿ ಓಡುತ್ತಿದ್ದ ದ್ವಿಚಕ್ರ ವಾಹನಗಳೆಲ್ಲ ಹೆಚ್ಚುಕಡಿಮೆ ಯುರೋಪಿನ ವಿನ್ಯಾಸಗಳೇ. ಇಂದು 'ಕ್ಲಾಸಿಕ್ ಯುರೋಪಿಯನ್' ಎಂದು ಕರೆಯಲಾಗುವ ರೂಪ ನಮ್ಮ ಅಜ್ಜ, ಅಪ್ಪಂದಿರಿಗೆ ಪರದೇಶದ ರೂಪವಾಗಿರಲಿಲ್ಲ. ಮೋಟಾರ್ ಸೈಕಲ್ ಎಂದರೆ ಅವರ ಕಣ್ಣಿಗೆ ಕಟ್ಟುತ್ತಿದ್ದದ್ದೇ ಅದು.

ಜಾವಾವನ್ನು ಆಮದು ಮಾಡಿ ಮಾರುತ್ತಿದ್ದ ಮುಂಬಯಿಯ ಪಾರ್ಸಿ ಉದ್ಯಮಿಗಳು ರುಸ್ತುಂ ಇರಾನಿ ಮತ್ತು ಫರೋಕ್ ಇರಾನಿ. ಅವರು ಜೆಕ್ ಕಂಪನಿಯಿಂದ ಪರವಾನಗಿ ಪಡೆದು ಮೈಸೂರಿನಲ್ಲಿ 'ಐಡಿಯಲ್ ಜಾವಾ' ಕಂಪನಿ ಸ್ಥಾಪಿಸಿದರು. ಯಾದವಗಿರಿಯ ಕಾರ್ಖಾನೆಯನ್ನು 1961ರಲ್ಲಿ ಆಗಿನ ಮೈಸೂರು ರಾಜ್ಯಪಾಲ ಜಯಚಾಮರಾಜ ಒಡೆಯರ್ ಉದ್ಘಾಟಿಸಿದರು. ರೇಷ್ಮೆ, ಗಂಧದೆಣ್ಣೆಗಳಿಗೆ ಹೆಸರಾದ ಅರಮನೆಯ ಊರಿನಿಂದ ಮೋಟಾರ್ ಸೈಕಲ್ಲುಗಳು ಹೊರಬೀಳತೊಡಗಿದವು.

ಮೊದಮೊದಲು ಜೆಕ್ ದೇಶದಿಂದ ಬಂದ ಭಾಗಗಳನ್ನು ಇಲ್ಲಿ ಜೋಡಿಸಲಾಗುತ್ತಿತ್ತು. ಕ್ರಮೇಣ ಭಾಗಗಳೂ ಇಲ್ಲೇ ತಯಾರಾದವು. 1970ರ ದಶಕದ ಆರಂಭದಲ್ಲಿ ಗಾಡಿಯ ಹೆಸರು 'ಯೆಜ್ಡಿ' ಎಂದು ಬದಲಾಯಿತು. ಪಾರ್ಸಿಗಳ ಪೂರ್ವಿಕರ ನೆಲವಾದ ಇರಾನಿನಲ್ಲಿ ಯಜ್ದ್ ಎಂಬ ಪುರಾತನ ಪಟ್ಟಣವಿದೆ, ಜರತುಷ್ಟ್ರ ಧರ್ಮೀಯರ ನೆಲೆ. ಆ ಊರಿನ ನೆನಪು ಮೈಸೂರಿನ ಬೈಕಿನ ಟ್ಯಾಂಕ್ ಮೇಲೆ ಕುಳಿತಿತು. ಜರ್ಮನ್ ಪರವಾನಗಿ, ಇಂಗ್ಲಿಷ್ ವಿನ್ಯಾಸಕ, ಜೆಕ್ ಕಾರ್ಖಾನೆ, ಇರಾನಿನ ಹೆಸರು, ಮೈಸೂರಿನ ಕೆಲಸಗಾರರು: ಒಂದು ಗಾಡಿಯ ವಂಶಾವಳಿ ಇದು!

ಹೆಸರು ಬದಲಾದರೂ ಎಷ್ಟೋ ಊರುಗಳಲ್ಲಿ ಜನರ ಬಾಯಲ್ಲಿ ಅದು 'ಜಾವಾ ಗಾಡಿ'ಯಾಗಿಯೇ ಉಳಿಯಿತು. ಮುಂದೆ ರೋಡ್‌ಕಿಂಗ್, ಮೊನಾರ್ಕ್, ಡಿಲಕ್ಸ್, ಕ್ಲಾಸಿಕ್ ಮೊದಲಾದ ಮಾದರಿಗಳು ಬಂದವು. 1980ರ ದಶಕದಲ್ಲಿ ಎರಡು ಸಿಲಿಂಡರಿನ 350 ಸಿ.ಸಿ. ಗಾಡಿಯೂ ಬಂತು. 'ಫಾರೆವರ್ ಬೈಕ್, ಫಾರೆವರ್ ವ್ಯಾಲ್ಯೂ' ಎಂಬುದು ಕಂಪನಿಯ ಜಾಹೀರಾತಿನ ಘೋಷಣೆ. ಎಂದೆಂದಿಗೂ ಬಾಳುವ ಬೈಕು ಎಂದು ಅದರ ಅರ್ಥ. ಆ ಮಾತು ಕಂಪನಿಯ ಬಾಳಿಗಿಂತ ಬೈಕಿನ ಬಾಳಿಗೇ ಹೆಚ್ಚು ಒಪ್ಪಿತು ಎಂಬುದನ್ನು ಕಾಲವೇ ತೋರಿಸಿತು.

ಬಿಚ್ಚಿ ನೋಡಬಹುದಾದ ಯಂತ್ರ

ಜಾವಾ ಪ್ರೇಮಿಗಳು ಮೊದಲು ಹೇಳುವುದು ಅದರ ಸದ್ದನ್ನು. ಆ ಸದ್ದಿಗೂ, ಹೊಗೆಗೂ ಕಾರಣ ಅದರ ಟೂ ಸ್ಟ್ರೋಕ್ ಎಂಜಿನ್. ಈಗಿನ ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ ನಾಲ್ಕು ಸಲ ಮೇಲೆ-ಕೆಳಗೆ ಚಲಿಸಿದಾಗ ಒಂದು ಸಲ ಪೆಟ್ರೋಲ್ ಸಿಡಿದು ಶಕ್ತಿ ಹುಟ್ಟುತ್ತದೆ. ಟೂ ಸ್ಟ್ರೋಕ್‌ನಲ್ಲಿ ಎರಡೇ ಚಲನೆಗೆ ಒಂದು ಸಿಡಿತ. ವಾಲ್ವ್‌ಗಳ ಜಂಜಾಟವಿಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚುತ್ತ, ತೆರೆಯುತ್ತ ಹೋಗುತ್ತದೆ. ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕುವುದರಿಂದ ಒಳಗಿನ ಭಾಗಗಳಿಗೆ ಅದೇ ಜಿಡ್ಡು ಒದಗಿಸುತ್ತದೆ.

ಇಷ್ಟು ಸರಳವಾದ ಎಂಜಿನ್ನಿಗೆ ಜೆಕ್ ವಿನ್ಯಾಸಕಾರರು ಕೆಲವು ಜಾಣತನಗಳನ್ನು ಸೇರಿಸಿದ್ದರು. ಸಿಲಿಂಡರ್ ಒಂದೇ ಆದರೂ ಹೊಗೆ ಹೊರಬರಲು ಎರಡು ದಾರಿ, ಎರಡೂ ಪಕ್ಕ ಎರಡು ಸೈಲೆನ್ಸರ್. ಇನ್ನೊಂದು ವಿಶೇಷವೆಂದರೆ ಕಿಕ್ ಹೊಡೆಯುವ ಲಿವರೂ, ಗೇರ್ ಹಾಕುವ ಲಿವರೂ ಒಂದೇ. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್. ಗಾಡಿ ಚಾಲೂ ಆದ ಮೇಲೆ ಮುಂದಕ್ಕೆ ಇಳಿಸಿದರೆ ಗೇರ್ ಲಿವರ್. ಗೇರ್ ಒತ್ತಿದಾಗ ಕ್ಲಚ್ ತಾನಾಗಿಯೇ ಬಿಡಿಸಿಕೊಳ್ಳುವ ಏರ್ಪಾಡೂ ಇತ್ತು. ಗೊತ್ತಿಲ್ಲದವರು ಜಾವಾ ಚಾಲೂ ಮಾಡಲು ಕಿಕ್ಕರ್ ಎಲ್ಲಿದೆಯೆಂದು ತಡಕಾಡುವುದು, ಗೊತ್ತಿದ್ದವರು ಮುಸಿಮುಸಿ ನಗುವುದು, ಇದು ಜಾವಾ ನಿಂತ ಕಡೆಯೆಲ್ಲ ನಡೆಯುತ್ತಿದ್ದ ತಮಾಷೆ.

ಆದರೆ ಗಾಡಿಯ ನಿಜವಾದ ಆಕರ್ಷಣೆ ಬೇರೆಡೆ ಇತ್ತು. ಅದನ್ನು ಮಾಲೀಕನೇ ಬಿಚ್ಚಬಹುದಿತ್ತು. ಪ್ಲಗ್ ಕಪ್ಪಾದರೆ ತೆಗೆದು ಎಮರಿ ಕಾಗದದಿಂದ ಉಜ್ಜಬೇಕು. ಪಾಯಿಂಟಿನ ನಡುವಿನ ಸಂದು ಹೆಚ್ಚುಕಡಿಮೆಯಾದರೆ ಸರಿಪಡಿಸಬೇಕು. ಆಯಿಲ್ ಬೆರೆತ ಪೆಟ್ರೋಲ್ ಉರಿದು ಸೈಲೆನ್ಸರಿನೊಳಗೆ ಮಸಿ ಕಟ್ಟುತ್ತದೆ, ಗಾಡಿ ಎಳೆಯುವುದಿಲ್ಲ. ಆಗ ಒಳಗಿನ ಕೊಳವೆಯನ್ನು ಹೊರತೆಗೆದು ಮಸಿಯನ್ನು ಸುಟ್ಟು, ಕೆರೆದು ಸ್ವಚ್ಛ ಮಾಡಬೇಕು. ಮನೆಯಂಗಳದಲ್ಲಿ ಅಪ್ಪ ಭಾನುವಾರ ಈ ಕೆಲಸಕ್ಕೆ ಕುಳಿತರೆ ಸ್ಪ್ಯಾನರ್ ಎತ್ತಿಕೊಡುವ ಕೆಲಸ ಮಕ್ಕಳದು. ಪಿಸ್ಟನ್ ಸವೆದಾಗ ಮಾತ್ರ ಸಿಲಿಂಡರನ್ನು ಲೇತ್ ಅಂಗಡಿಗೆ ಕೊಟ್ಟು ಬೋರ್ ಮಾಡಿಸಿ, ಕೊಂಚ ದೊಡ್ಡ ಪಿಸ್ಟನ್ ಕೂರಿಸಬೇಕಿತ್ತು. ಸಣ್ಣಪುಟ್ಟ ಪಟ್ಟಣಗಳಲ್ಲೂ ಇದನ್ನು ಬಲ್ಲ ಮೆಕ್ಯಾನಿಕ್ ಇರುತ್ತಿದ್ದ.

ಇದನ್ನು ದೋಷವೆಂದೂ ಹೇಳಬಹುದು. ಇಂದಿನ ಬೈಕು ಸಾವಿರಾರು ಕಿಲೋಮೀಟರ್ ಓಡಿದರೂ ಯಾರೂ ಅದರ ಎಂಜಿನ್ ಮುಟ್ಟಬೇಕಿಲ್ಲ. ಜಾವಾ ಆಗಾಗ ಗಮನ ಬೇಡುತ್ತಿತ್ತು. ಆದರೆ ಆ ಬೇಡಿಕೆಯೇ ಮನುಷ್ಯನಿಗೂ ಯಂತ್ರಕ್ಕೂ ನಂಟು ಬೆಳೆಸಿತು. ಕೈಯಾರೆ ಬಿಚ್ಚಿ ಜೋಡಿಸಿದ ವಸ್ತುವಿನ ಮೇಲೆ ಹುಟ್ಟುವ ಮಮತೆ ಅಂಗಡಿಯಲ್ಲಿ ಕೊಂಡು ತಂದ ಮಾತ್ರಕ್ಕೆ ಹುಟ್ಟುವುದಿಲ್ಲ. ಹಳೆಯ ಗಾಡಿಯ ಮೋಹಕ್ಕೆ ಅದರ ಬಳುಕು, ಬಣ್ಣ ಮಾತ್ರ ಕಾರಣವಲ್ಲ ಎನ್ನುವುದು ಇದಕ್ಕೇ.

ಜಪಾನಿನ ಗಾಳಿ

1980ರ ದಶಕದ ನಡುವಿನಲ್ಲಿ ಸರ್ಕಾರದ ನೀತಿ ಸಡಿಲಗೊಂಡು ಜಪಾನಿನ ತಂತ್ರಜ್ಞಾನ ಒಳಬಂತು. ಮೂರು ವರ್ಷಗಳೊಳಗೆ ಸುಜುಕಿ, ಹೋಂಡಾ, ಯಮಹಾ, ಕವಾಸಾಕಿ ಕಂಪನಿಗಳ 100 ಸಿ.ಸಿ. ಬೈಕುಗಳು ಭಾರತೀಯ ಪಾಲುದಾರರ ಮೂಲಕ ಮಾರುಕಟ್ಟೆಗೆ ಇಳಿದವು. ಹಗುರ ಮೈ, ಕಡಿಮೆ ಪೆಟ್ರೋಲ್, ಕಡಿಮೆ ರಿಪೇರಿ. ಅದರಲ್ಲೂ 1985ರಲ್ಲಿ ಬಂದ ಹೀರೋ ಹೋಂಡಾದ ಫೋರ್ ಸ್ಟ್ರೋಕ್ ಬೈಕು ಮಧ್ಯಮ ವರ್ಗದ ಲೆಕ್ಕಾಚಾರವನ್ನೇ ಬದಲಿಸಿತು. ಲೀಟರಿಗೆ ಎಷ್ಟು ಕೊಡುತ್ತದೆ ಎಂಬ ಪ್ರಶ್ನೆಯೇ ಬೈಕು ಕೊಳ್ಳುವವನ ಮೊದಲ ಪ್ರಶ್ನೆಯಾಯಿತು. ಆ ಪ್ರಶ್ನೆಗೆ ಯೆಜ್ಡಿಯ ಬಳಿ ಒಳ್ಳೆಯ ಉತ್ತರವಿರಲಿಲ್ಲ.

ವಾಹನಗಳ ಹೊಗೆಯ ಮೇಲೆ 1991ರಲ್ಲಿ ಬಂದ ನಿಯಮಗಳು 1996ರಲ್ಲಿ ಇನ್ನಷ್ಟು ಬಿಗಿಯಾದವು. ಹಳೆಯ ಟೂ ಸ್ಟ್ರೋಕ್ ವಿನ್ಯಾಸಕ್ಕೆ ಇದು ದೊಡ್ಡ ಹೊಡೆತ. ಸಿಲಿಂಡರಿನೊಳಗೆ ಬರುವ ಹೊಸ ಪೆಟ್ರೋಲಿನ ಒಂದು ಪಾಲು ಉರಿಯುವ ಮೊದಲೇ ಹೊಗೆಯೊಂದಿಗೆ ಹೊರಬಿದ್ದುಹೋಗುವುದು ಈ ಎಂಜಿನ್ನಿನ ಹುಟ್ಟುಗುಣ. ಅದನ್ನು ಬದಲಿಸಬೇಕಾದರೆ ಎಂಜಿನ್ನನ್ನೇ ಹೊಸದಾಗಿ ರೂಪಿಸಬೇಕು, ಅದಕ್ಕೆ ಬಂಡವಾಳ ಬೇಕು. ಮಾರಾಟ ಕುಸಿದಿತ್ತು. 1996ರಲ್ಲಿ ಯಾದವಗಿರಿಯ ಕಾರ್ಖಾನೆಯ ಯಂತ್ರಗಳು ನಿಂತವು. 2001ರಲ್ಲಿ ಹೈಕೋರ್ಟಿನ ಆದೇಶದಂತೆ ಕಂಪನಿಯ ಸಮಾಪನ ಪ್ರಕ್ರಿಯೆ ಆರಂಭವಾಯಿತು.

ಮೂರೂವರೆ ದಶಕ ಬೆಳಗಾದರೆ ಕಾರ್ಖಾನೆಯ ಗೇಟಿನತ್ತ ಹೆಜ್ಜೆಹಾಕುತ್ತಿದ್ದ ಕುಟುಂಬಗಳಿಗೆ ಇದು ನೆನಪಿನ ಮಾತಷ್ಟೇ ಆಗಿರಲಿಲ್ಲ. ಅವರಿಗೆ ನಿಂತುಹೋದದ್ದು ಸಂಬಳ. ನಡುವಯಸ್ಸಿನಲ್ಲಿ ಕೆಲಸ ಕಳೆದುಕೊಂಡವನಿಗೆ ಹೊಸ ಕಸುಬು ಸುಲಭವಾಗಿ ಸಿಗುವುದಿಲ್ಲ. ಜಾವಾದ ಚರಿತ್ರೆ ಹೇಳುವಾಗ ಮಾದರಿಗಳ ಪಟ್ಟಿ, ಬಣ್ಣಗಳ ಪಟ್ಟಿ ಬರುತ್ತದೆ. ಈ ಪುಟ ಮಾತ್ರ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ.

ಗುಜರಿಯಿಂದ ಗೌರವಕ್ಕೆ

ಕಾರ್ಖಾನೆ ಮುಚ್ಚಿದ ಮೇಲೆ ಗಾಡಿಗೆ ಬೆಲೆ ಉಳಿಯಲಿಲ್ಲ. ಬಿಡಿಭಾಗ ಸಿಗದ ಬೈಕು ಯಾರಿಗೆ ಬೇಕು? ಎಷ್ಟೋ ಜಾವಾಗಳು ಕೊಟ್ಟಿಗೆಯ ಮೂಲೆ ಸೇರಿದವು. ಎಷ್ಟೋ ಗುಜರಿಯವನ ತಕ್ಕಡಿ ಏರಿ ಕಬ್ಬಿಣದ ತೂಕಕ್ಕೆ ಮಾರಾಟವಾದವು.

2000ದ ದಶಕದಲ್ಲಿ ಗಾಳಿ ತಿರುಗಿತು. ಅಪ್ಪನ ಗಾಡಿಯನ್ನು ಮತ್ತೆ ಓಡಿಸಬೇಕೆಂಬ ಆಸೆಯ ಮಕ್ಕಳು, ಒಂದೇ ಅಚ್ಚಿನ ಬೈಕುಗಳಿಂದ ಬೇಸತ್ತ ಯುವಕರು ಒಬ್ಬರನ್ನೊಬ್ಬರು ಹುಡುಕಿಕೊಂಡರು. ಬೆಂಗಳೂರು, ಮೈಸೂರು ಮೊದಲಾದ ಕಡೆ ಕೂಟಗಳು ಹುಟ್ಟಿಕೊಂಡವು. ಅವರ ಮುಂದಿದ್ದ ಮೊದಲ ಸಮಸ್ಯೆ ಬಿಡಿಭಾಗಗಳದು. ಮುಚ್ಚಿದ ಅಂಗಡಿಗಳ ಅಟ್ಟ ಹತ್ತಿ ಹಳೆಯ ದಾಸ್ತಾನು ಹುಡುಕಿದರು. ಸಿಗದ ಭಾಗಗಳನ್ನು ಲೇತ್ ಅಂಗಡಿಗಳಲ್ಲಿ ಹೊಸದಾಗಿ ಕಡೆಸಿದರು. ಎರಡು ಕೆಟ್ಟ ಗಾಡಿ ಬಿಚ್ಚಿ ಒಂದು ಒಳ್ಳೆಯ ಗಾಡಿ ಮಾಡಿದರು. ಎಲ್ಲಕ್ಕಿಂತ ಮುಖ್ಯವಾಗಿ, ಗಾಡಿಯನ್ನು ಬಲ್ಲ ಹಳೆಯ ಮೆಕ್ಯಾನಿಕ್ಕುಗಳ ಮನೆ ಬಾಗಿಲು ತಟ್ಟಿದರು. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವ ಅವರ ವಿದ್ಯೆ ಯಾವ ಪುಸ್ತಕದಲ್ಲೂ ಪೂರ್ತಿಯಾಗಿ ಇರಲಿಲ್ಲ.

ಇತ್ತ ಹಳೆಯ ರೂಪಕ್ಕೆ ಮಾರುಕಟ್ಟೆಯೂ ಮಣೆ ಹಾಕತೊಡಗಿತ್ತು. ಮಾತೃ ಕಾರ್ಖಾನೆ 1983ರಲ್ಲಿ ಮುಚ್ಚಿದ್ದ ಇಂಗ್ಲೆಂಡಿನ ಟ್ರಯಂಫ್, ಹೊಸ ಒಡೆತನದಲ್ಲಿ ತನ್ನ ಪ್ರಸಿದ್ಧ ಬೋನೆವಿಲ್ ಬೈಕನ್ನು ಹಳೆಯ ಚಹರೆಯಲ್ಲೇ 2001ರ ಮಾದರಿಯಾಗಿ ಮತ್ತೆ ತಂದಿತು. ರಾಯಲ್ ಎನ್‌ಫೀಲ್ಡ್ 2009ರಲ್ಲಿ 'ಕ್ಲಾಸಿಕ್' ಎಂಬ ಹೆಸರಿನಲ್ಲೇ ಬೈಕು ಬಿಡುಗಡೆ ಮಾಡಿ ದೊಡ್ಡ ಯಶಸ್ಸು ಕಂಡಿತು. ಜಾವಾದ ಸರದಿಯೂ ಬಂತು. ಮಹೀಂದ್ರಾ ಬೆಂಬಲದ 'ಕ್ಲಾಸಿಕ್ ಲೆಜೆಂಡ್ಸ್' ಕಂಪನಿ 2018ರ ನವೆಂಬರ್‌ನಲ್ಲಿ ಜಾವಾ ಹೆಸರನ್ನು ಭಾರತದ ರಸ್ತೆಗೆ ಮರಳಿ ತಂದಿತು. 2022ರ ಜನವರಿಯಲ್ಲಿ ಯೆಜ್ಡಿ ಹೆಸರೂ ಬಂತು. ರುಸ್ತುಂ ಇರಾನಿಯವರ ಪುತ್ರ ಬೊಮನ್ ಇರಾನಿ ಈ ಸಾಹಸದ ಪಾಲುದಾರರಲ್ಲಿ ಒಬ್ಬರು.

ಹೊಸ ಜಾವಾ ತಯಾರಾದದ್ದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪಿತಾಂಪುರದಲ್ಲಿ. ಎಂಜಿನ್ 293 ಸಿ.ಸಿ.ಯ ಫೋರ್ ಸ್ಟ್ರೋಕ್, ನೀರಿನಿಂದ ತಂಪಾಗುವಂಥದು. ಕಂದುಗೆಂಪು ಬಣ್ಣ, ಉಬ್ಬಿದ ಟ್ಯಾಂಕು ಹಳೆಯದರಂತೆಯೇ. ಎರಡು ಪಕ್ಕ ಎರಡು ಸೈಲೆನ್ಸರುಗಳನ್ನೂ ಕಂಪನಿ ಉಳಿಸಿಕೊಂಡಿತು. ಮೊದಲ ದಿನಗಳಲ್ಲಿ ಜನ ಮುಗಿಬಿದ್ದು ಬುಕ್ ಮಾಡಿದರು. ಹಳೆಯ ಜಾವಾ ಒಡೆಯರಲ್ಲಿ ಕೆಲವರು ಸಂತೋಷಪಟ್ಟರು, ಕೆಲವರು ಮೂಗು ಮುರಿದರು. ರೂಪ ಮರಳಿತು, ಸದ್ದು ಮರಳಲಿಲ್ಲ ಎಂಬುದು ಅವರ ಕೊರಗು. ಆದರೆ ಆ ಸದ್ದು ಮರಳುವಂತೆಯೂ ಇರಲಿಲ್ಲ. ಶುದ್ಧ ಗಾಳಿಯ ನಿಯಮಗಳು ಹಳೆಯ ಟೂ ಸ್ಟ್ರೋಕ್ ಎಂಜಿನ್ನಿಗೆ ಬಾಗಿಲು ಮುಚ್ಚಿವೆ. ಅದು ಸರಿಯಾದ ನಿರ್ಧಾರವೇ. ಲಕ್ಷಾಂತರ ಟೂ ಸ್ಟ್ರೋಕ್ ಎಂಜಿನ್ನುಗಳ ನೀಲಿ ಹೊಗೆಯಲ್ಲಿ ಕೆಮ್ಮಿದ ನಗರಗಳಿಗೆ ಆ ಕಾಲ ಮರಳಿ ಬೇಕಿಲ್ಲ.

ಹೆಸರು ಯಾರದು?

ಯೆಜ್ಡಿ ಮರಳಿ ಬರುವ ಹೊತ್ತಿಗೆ ಇನ್ನೊಂದು ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತ್ತು. ಕಂಪನಿ ಸಮಾಪನಗೊಂಡರೆ ಅದರ ಜಾಗ, ಯಂತ್ರ ಮಾರಿ ಸಾಲಗಾರರಿಗೆ, ಕಾರ್ಮಿಕರಿಗೆ ಸಲ್ಲಬೇಕಾದ್ದನ್ನು ಸಲ್ಲಿಸುವುದು ಕ್ರಮ. ಹಾಗಾದರೆ 'ಯೆಜ್ಡಿ' ಎಂಬ ಹೆಸರೂ ಕಂಪನಿಯ ಆಸ್ತಿಯಲ್ಲವೇ? ಅದಕ್ಕೂ ಬೆಲೆಯಿಲ್ಲವೇ? ಹಳೆಯ ಕಾರ್ಮಿಕರ ಸಂಘವೂ ಈ ಪ್ರಶ್ನೆ ಎತ್ತಿತು. ಬಳಸದೆ ಬಿಟ್ಟ ಹೆಸರನ್ನು ಕಾನೂನುಬದ್ಧವಾಗಿ ನೋಂದಾಯಿಸಿಕೊಂಡಿದ್ದೇವೆ ಎಂಬುದು ಇನ್ನೊಂದು ಕಡೆಯ ವಾದ. ವಿಷಯ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠದ ಮುಂದೂ, ನಂತರ ವಿಭಾಗೀಯ ಪೀಠದ ಮುಂದೂ ಬಂತು.

ಕಾನೂನಿನ ತೂಕ ಯಾವ ಕಡೆಗೇ ವಾಲಲಿ, ಪ್ರಶ್ನೆಯ ಅರ್ಥ ದೊಡ್ಡದು. 1996ರಲ್ಲಿ ಬೆಲೆಯೇ ಇಲ್ಲವೆನಿಸಿದ್ದ ಹೆಸರಿಗೆ ಎರಡು ದಶಕಗಳ ನಂತರ ವ್ಯಾಜ್ಯವಾಡುವಷ್ಟು ಬೆಲೆ ಬಂದದ್ದು ಹೇಗೆ? ಆ ನಡುವಿನ ವರ್ಷಗಳಲ್ಲಿ ಯಾವ ಕಂಪನಿಯೂ ಅದಕ್ಕೆ ಜಾಹೀರಾತು ಕೊಡಲಿಲ್ಲ. ಹೆಸರನ್ನು ಬದುಕಿಸಿಟ್ಟವರು ಮೊದಲು ಅದನ್ನು ಗಟ್ಟಿಯಾಗಿ ತಯಾರಿಸಿದ ಕೆಲಸಗಾರರು, ಆಮೇಲೆ ಕೆಟ್ಟಾಗಲೆಲ್ಲ ಎಬ್ಬಿಸಿ ನಿಲ್ಲಿಸಿದ ಮೆಕ್ಯಾನಿಕ್ಕುಗಳು, ಗುಜರಿಗೆ ಹಾಕಲು ಒಪ್ಪದ ಮಾಲೀಕರು. ಹಳೆಯ ಗಾಡಿಯ ಹವ್ಯಾಸವನ್ನು ಕೆಲಸವಿಲ್ಲದವರ ಶೋಕಿ ಎಂದು ತಳ್ಳಿಹಾಕುವವರು ಇದನ್ನು ಯೋಚಿಸಬೇಕು.

ಸರ್ಕಾರವೂ ಈ ಹವ್ಯಾಸಕ್ಕೆ ಒಂದು ಮಟ್ಟದ ಮಾನ್ಯತೆ ನೀಡಿದೆ. 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ವಾಹನಗಳನ್ನು 'ವಿಂಟೇಜ್' ಎಂದು ಪ್ರತ್ಯೇಕವಾಗಿ ನೋಂದಾಯಿಸುವ ನಿಯಮಗಳನ್ನು ಕೇಂದ್ರ ಸರ್ಕಾರ 2021ರಲ್ಲಿ ಪ್ರಕಟಿಸಿತು. ಅಂಥ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಪ್ರದರ್ಶನ, ರ‍್ಯಾಲಿಗಳಿಗೆ ತರಬಹುದು. ಮೈಸೂರಿನ ಮೊದಲ ಜಾವಾಗಳು ಈ ವಯಸ್ಸು ದಾಟಿವೆ. 1980ರ ದಶಕದ ರೋಡ್‌ಕಿಂಗ್‌ಗಳು ಅಲ್ಲಿಗೆ ತಲುಪಲು ಇನ್ನೂ ಕಾಯಬೇಕು. ಅಲ್ಲಿಯವರೆಗೆ ನೋಂದಣಿ ನವೀಕರಣ, ಹೊಗೆ ತಪಾಸಣೆಗಳ ಕಾಟ ತಪ್ಪಿದ್ದಲ್ಲ.

ಆದರೆ ಕಾಗದಪತ್ರಗಳಿಗಿಂತ ದೊಡ್ಡ ಚಿಂತೆ ಬೇರೆಯಿದೆ. ಪಿಸ್ಟನ್ ಹೊಸದಾಗಿ ಮಾಡಿಸಬಹುದು, ಟ್ಯಾಂಕಿಗೆ ಬಣ್ಣ ಬಳಿಸಬಹುದು. ಯಾದವಗಿರಿಯ ಕಾರ್ಖಾನೆಯಲ್ಲಿ ಹರೆಯದಲ್ಲಿ ಕೆಲಸಕ್ಕೆ ಸೇರಿದವರಿಗೆ ಈಗ ಇಳಿವಯಸ್ಸು. ಅವರ ಜೊತೆಯಲ್ಲೇ ಪಳಗಿದ ಗ್ಯಾರೇಜುಗಳ ಮೆಕ್ಯಾನಿಕ್ಕುಗಳಿಗೂ ವಯಸ್ಸಾಗಿದೆ. ಅವರ ಮಕ್ಕಳು ಕಂಪ್ಯೂಟರ್ ಹಚ್ಚಿ ದೋಷ ಹುಡುಕುವ ಕಾಲದವರು. ಕಿವಿಯಿಂದ, ಬೆರಳಿನಿಂದ ಕಲಿತ ವಿದ್ಯೆಯನ್ನು ಬರೆದಿಡುವ ಕೆಲಸ ಬಹುಪಾಲು ಆಗಿಲ್ಲ. ಕಾರ್ಖಾನೆಯ ನೆನಪಿಗೆ ಒಂದು ವಸ್ತು ಸಂಗ್ರಹಾಲಯ ಕಟ್ಟಿದರೂ ಅದರಲ್ಲಿ ಗಾಡಿ ನಿಲ್ಲಿಸಬಹುದೇ ಹೊರತು ಈ ವಿದ್ಯೆಯನ್ನು ನಿಲ್ಲಿಸಲಾಗದು.

ಜುಲೈ ಭಾನುವಾರದ ಕೂಟಗಳಿಗೆ ಮಹತ್ವ ಬರುವುದು ಇಲ್ಲಿಯೇ. ಗಾಡಿಗಳ ಸಾಲು, ಫೋಟೋಗಳ ಸಡಗರ ಮುಗಿದ ಮೇಲೆ ಮೈದಾನದ ಒಂದು ಮೂಲೆಯಲ್ಲಿ ಯಾವುದೋ ಗಾಡಿ ಚಾಲೂ ಆಗದೆ ಹಟ ಹಿಡಿದಿರುತ್ತದೆ. ಕಾಲೇಜು ಹುಡುಗ ಕಿಕ್ ಹೊಡೆದು ಹೊಡೆದು ಬೆವರುತ್ತಾನೆ. ಗುಂಪಿನಿಂದ ಹಿರಿಯರೊಬ್ಬರು ಮುಂದೆ ಬಂದು, 'ತಾಳಪ್ಪ, ಮೊದಲು ಪ್ಲಗ್ ತೆಗಿ' ಎಂದು ಪಕ್ಕದಲ್ಲಿ ಕೂರುತ್ತಾರೆ. ಪ್ಲಗ್ಗಿನ ಬಣ್ಣ ಏನು ಹೇಳುತ್ತದೆ, ಪಾಯಿಂಟಿನ ಸಂದು ಎಷ್ಟಿರಬೇಕು ಎಂದು ತೋರಿಸಿಕೊಡುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಎಂಜಿನ್ ಎದ್ದು ಕೂಗುತ್ತದೆ. ಹುಡುಗನ ಕೈಗೆ ಮಸಿ ಹತ್ತಿರುತ್ತದೆ. ಜಾವಾ ಇನ್ನೆಷ್ಟು ವರ್ಷ ರಸ್ತೆಯ ಮೇಲಿರುತ್ತದೆ ಎಂಬುದು ಅಂಥ ಹುಡುಗರು ಎಷ್ಟು ಮಂದಿ ಎಂಬುದರ ಮೇಲೆ ನಿಂತಿದೆ.